ಇಬ್ಬನಿ ಆರುವ ಮುನ್ನ

ಬಿಳಿ ಕಾರು ಧೂಳನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತದೆ. ಬೂದು ಬಣ್ಣದ್ದಂತೂ ವಾರಗಟ್ಟಲೆ ನೀರು ಕಾಣದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಕಪ್ಪು ಕಾರಿಗೆ ಆ ಗುಣವಿಲ್ಲ. ಬೆಳಿಗ್ಗೆ ತೊಳೆದು ನಿಲ್ಲಿಸಿದರೆ ಮಧ್ಯಾಹ್ನದೊಳಗೆ ಯಾವ ಕಣದಲ್ಲಿ ಭತ್ತ ತೂರಿದರು, ಯಾವ ಟ್ರ್ಯಾಕ್ಟರ್ ಹಾದುಹೋಯಿತು, ಯಾವ ಬೆಕ್ಕು ಬಾನೆಟ್ ಏರಿ ಬಿಸಿಲು ಕಾಯಿಸಿಕೊಂಡಿತು, ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಬಿದ್ದ ಬೆಳಕನ್ನೆಲ್ಲ ಕಪ್ಪು ನುಂಗಿಬಿಡುವುದರಿಂದ ಅದರ ಮೇಲೆ ಕೂತ ಒಂದೊಂದು ಕಣವೂ ಬೇರೆಯಾಗಿ ಹೊಳೆಯುತ್ತದೆ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕಾರಣಕ್ಕೆ. ಊರಿನ ಗಾಳಿಯಲ್ಲಿ ಏನೇನಿದೆ ಎಂದು ಕಪ್ಪು ಕಾರು ದಿನವೂ ಹೇಳುತ್ತದೆ, ಅದರಲ್ಲೂ ಚಳಿಗಾಲದಲ್ಲಿ.

ದೀಪಾವಳಿ ಮುಗಿದು ಕಾರ್ತಿಕ ಹಿಡಿಯಿತೆಂದರೆ ನಮ್ಮಲ್ಲಿ ಥಂಡಿ ಶುರು. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮಂಜುಗಡ್ಡೆ ಕರಗಲೆಂದು ಉಪ್ಪು ಎರಚುತ್ತಾರೆ. ಅಲ್ಲಿ ಕಾರಿಟ್ಟವರಿಗೆ ಚಳಿಗಾಲವೆಲ್ಲ ಆ ಉಪ್ಪಿನ ಜೊತೆಗೇ ಗುದ್ದಾಟ. ನಮ್ಮೂರು ಸಾಣಾಪುರದ ಚಳಿಗೆ ಬೇರೆಯೇ ಲಕ್ಷಣ. ಒಂದು ಕಡೆ ಕೆರೆ, ತುಂಗಭದ್ರೆಯ ಎಡದಂಡೆ ಕಾಲುವೆ, ಕಣ್ಣು ಹಾಯುವಷ್ಟು ಭತ್ತದ ಗದ್ದೆ. ಇನ್ನೊಂದು ಕಡೆ ಬೋಳು ಬಂಡೆಗಳ ಗುಡ್ಡ. ನೀರಿನ ಕಡೆಯಿಂದ ಇಬ್ಬನಿಯ ತೇವ ಬರುತ್ತದೆ, ಗದ್ದೆ ಮತ್ತು ಗುಡ್ಡದ ಕಡೆಯಿಂದ ಧೂಳು. ಎರಡೂ ಒಂದೇ ರಾತ್ರಿ ಬಂದು ಕಾರಿನ ಮೇಲೆ ಕೂರುತ್ತವೆ.

ಇಬ್ಬನಿ ಮೇಲಿನಿಂದ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ತಗಡಿನ ಮೇಲೆಯೇ ಹುಟ್ಟುತ್ತದೆ. ಮೋಡವಿಲ್ಲದ ರಾತ್ರಿ ಕಾರಿನ ಚಾವಣಿಯೂ ಬಾನೆಟ್ಟೂ ಬಯಲು ಆಕಾಶಕ್ಕೆ ಮುಖಮಾಡಿ ಶಾಖವನ್ನೆಲ್ಲ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಆ ತಣ್ಣನೆಯ ಮೈಗೆ ತಾಗಿದ ಗಾಳಿಯ ತೇವ ಹನಿಗಟ್ಟುತ್ತದೆ. ಅದಕ್ಕೇ ಚಾವಣಿ ತೊಯ್ದು ತೊಪ್ಪೆಯಾಗಿದ್ದರೂ ಬಾಗಿಲಿನ ಕೆಳಭಾಗ ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ. ಶೆಡ್ಡಿನಡಿ ನಿಲ್ಲಿಸಿದರೆ ಇಬ್ಬನಿ ಕಡಿಮೆ, ಏಕೆಂದರೆ ಶೆಡ್ಡು ಆಕಾಶವನ್ನು ಮರೆಮಾಡುತ್ತದೆ. ಬೇವಿನ ಮರದಡಿಯೂ ಹಾಗೆಯೇ; ಆದರೆ ಅಲ್ಲಿ ಹಕ್ಕಿಗಳ ವಾಸ. ಹಕ್ಕಿಯ ಹಿಕ್ಕೆಯಲ್ಲಿ ಆಮ್ಲವಿರುತ್ತದೆ. ಬಿಸಿಲಿಗೆ ಕಾದ ಕಪ್ಪು ಬಣ್ಣದ ಮೇಲೆ ಅದು ಒಣಗಿ ಕೂತರೆ ಕಲೆ ಬಣ್ಣದೊಳಕ್ಕೇ ಇಳಿಯುತ್ತದೆ. ಹಾಗಾಗಿ ಮರದ ನೆರಳಿಗಿಂತ ಶೆಡ್ಡೇ ಮೇಲು.

ಇನ್ನು ಧೂಳು. ಅದರಲ್ಲಿ ಎಷ್ಟು ಜಾತಿ! ನವೆಂಬರ್, ಡಿಸೆಂಬರಿನಲ್ಲಿ ಭತ್ತದ ಸುಗ್ಗಿ. ಗಂಗಾವತಿ ಸೀಮೆಯನ್ನು ಭತ್ತದ ಕಣಜ ಎನ್ನುವುದು ಸುಮ್ಮನೆ ಅಲ್ಲ. ಹಾರ್ವೆಸ್ಟರ್ ಗದ್ದೆಗಿಳಿದರೆ ಹಳದಿ ಹೊಗೆ ಎದ್ದಂತೆ ಧೂಳೇಳುತ್ತದೆ. ಡಾಂಬರು ರಸ್ತೆಯ ಅರ್ಧದಲ್ಲಿ ಭತ್ತ ಒಣಹಾಕಿರುತ್ತಾರೆ. ಸಂಜೆ ಟಾರ್ಚನ್ನು ಓರೆಯಾಗಿ ಹಿಡಿದು ಬಾನೆಟ್ ಮೇಲೆ ಬೆಳಕು ಬಿಟ್ಟು ನೋಡಿ. ಭತ್ತದ ಧೂಳು ದುಂಡಗಿರುವುದಿಲ್ಲ. ಹೊಂಬಣ್ಣದ ಚಿಕ್ಕ ಚಿಕ್ಕ ಮುಳ್ಳುಗಳು, ಹೊಟ್ಟಿನ ಚೂರುಗಳು, ಎಲೆಯ ಅಂಚಿನ ಸಿವುರುಗಳು ಕಾಣುತ್ತವೆ. ಭತ್ತದ ಪೈರು ಮಣ್ಣಿನಿಂದ ಸಿಲಿಕಾ ಹೀರಿ ಎಲೆಯಲ್ಲೂ ಹೊಟ್ಟಿನಲ್ಲೂ ತುಂಬಿಕೊಳ್ಳುತ್ತದೆ. ಗದ್ದೆಯಲ್ಲಿ ನಡೆದವರ ಕಾಲಿಗೆ ಎಲೆ ಗೀರುವುದು ಅದರಿಂದಲೇ. ಅಕ್ಕಿ ಗಿರಣಿಯಲ್ಲಿ ಹೊಟ್ಟು ಉರಿಸಿದರೆ ಉಳಿಯುವ ಬೂದಿಯಲ್ಲಿ ಬಹುಪಾಲು ಈ ಸಿಲಿಕಾವೇ.

ಗುಡ್ಡದ ಧೂಳು ಇನ್ನೂ ಗಟ್ಟಿ. ನಮ್ಮ ಸುತ್ತಲಿನ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಬಿಸಿಲು, ಮಳೆ, ಚಳಿಗೆ ಸವೆದು ಉದುರುವ ಆ ಕಲ್ಲಿನ ಕಣದಲ್ಲಿ ಸ್ಫಟಿಕ ಶಿಲೆಯ ಚೂರುಗಳಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಅದಕ್ಕೆ 7ನೆಯ ಸ್ಥಾನ. ಸಾಮಾನ್ಯ ಚಾಕುವಿನ ಉಕ್ಕಿಗಿಂತ ಹೆಚ್ಚು. ಕಾರಿನ ಬಣ್ಣದ ಮೇಲೆ ಹೊಳಪಿಗಾಗಿ ಹಚ್ಚಿರುವ ಕ್ಲಿಯರ್ ಕೋಟ್ ದಪ್ಪವೋ, ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಅಷ್ಟು ತೆಳು ಪೊರೆಯ ಮೇಲೆ ಅಷ್ಟು ಗಡಸು ಕಣವನ್ನಿಟ್ಟು ಒಣ ಬಟ್ಟೆಯಲ್ಲಿ ಉಜ್ಜಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲಿನಲ್ಲಿ ಹಳೆಯ ಕಪ್ಪು ಕಾರುಗಳ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂತೆ ಕಾಣುವ ಗೆರೆಗಳೆಲ್ಲ ಹೀಗೆ ಒರೆಸಿ ಒರೆಸಿ ಬಂದವು.

ಯಲಬುರ್ಗಾ, ಕುಕನೂರಿನ ಕಡೆ ಹೋಗಿಬಂದರೆ ಎರೆಮಣ್ಣಿನ ಧೂಳು ಅಂಟಿರುತ್ತದೆ. ಮಸಾರಿಯ ಕೆಂಪು ಧೂಳು ದೂರಕ್ಕೇ ಕಾಣುತ್ತದೆ. ಎರೆಯ ಧೂಳು ಕಪ್ಪು ಬಣ್ಣದಲ್ಲಿ ಬೆರೆತು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ತೇವ ಕುಡಿದರೆ ಉಬ್ಬಿ ಅಂಟಾಗುವುದು ಎರೆಯ ಹುಟ್ಟುಗುಣ. ಕಡಲೆ ಹೊಲದ ಬದುವಿನಲ್ಲಿ ಚಪ್ಪಲಿ ಹಿಡಿದುಕೊಳ್ಳುವ ಮಣ್ಣು ಅದೇ ತಾನೆ. ಹಾಗೆ ಹೋಗಿಬಂದ ದಿನ ಕಾರು ಶೆಡ್ಡಿನೊಳಗೇ ಇರಬೇಕು. ಒಂದು ರಾತ್ರಿಯ ಇಬ್ಬನಿ ಸಾಕು, ಅದು ಮೆತ್ತಿಕೊಳ್ಳಲಿಕ್ಕೆ.

ಪಕ್ಕದ ಮನೆಯ ಹುಡುಗ ಪ್ರವಾಸಿಗರ ಗಾಡಿ ಓಡಿಸುತ್ತಾನೆ. ಚುರುಕು ಹುಡುಗ. ಒಂದು ಬೆಳಿಗ್ಗೆ ನಿಂತು ನೋಡಿ ಕೇಳಿದ:

“ಮಾವ, ಇಬ್ಬನಿ ತಾನ ನೆನಸಿಟ್ಟೈತಿ. ಒಂದ್ ಅರಿವಿ ತಗೊಂಡು ಸರ್ರಂತ ಒರೆಸಿಬಿಟ್ರ ಮುಗೀತಲ್ರಿ?”

“ನೆನಸೈತಿ ಖರೆ. ಆದ್ರ ಇಬ್ಬನಿ ನೆನಸ್ತೈತಿ, ಒಯ್ಯೂದಿಲ್ಲೋ ತಮ್ಮಾ. ಒಯ್ಯಾಕ ಹರಿಯೋ ನೀರ ಬೇಕು.”

ಈ ವಿದ್ಯೆಯ ತಿರುಳೆಲ್ಲ ಇಷ್ಟೇ ಎಂದು ನನ್ನ ನಂಬಿಕೆ. ಇಬ್ಬನಿಯಷ್ಟು ನೀರು ಧೂಳನ್ನು ಕೆಸರು ಮಾಡಲು ಸಾಕು, ಹೊತ್ತೊಯ್ಯಲು ಸಾಲದು. ಆ ಹೊತ್ತಿನಲ್ಲಿ ಬಟ್ಟೆ ಹಚ್ಚಿದರೆ ಒಣ ಬಟ್ಟೆ ಹಚ್ಚಿದಷ್ಟೇ ಕೇಡು. ಇಬ್ಬನಿ ಆರಲು ಬಿಟ್ಟರೂ ಕೆಲಸ ಕೆಡುತ್ತದೆ. ಒಂದೊಂದು ಹನಿಯೂ ತನ್ನ ಸುತ್ತಲಿನ ಧೂಳನ್ನು ಅಂಚಿಗೆ ಎಳೆದು ಉಂಗುರವಾಗಿ ಒಣಗುತ್ತದೆ. ಇವೆರಡರ ನಡುವೆ ಒಂದು ಚಂದದ ಗಳಿಗೆಯಿದೆ. ಬಂಡೆಗಳ ಮೇಲೆ ಹೊತ್ತು ಏರುವ ಮೊದಲು, ರಾತ್ರಿಯೆಲ್ಲ ನೆನೆದು ಸಡಿಲಾದ ಧೂಳು ಇನ್ನೂ ಒದ್ದೆಯಾಗಿರುವಾಗ, ಪೈಪಿನ ನೀರನ್ನು ಧಾರಾಳವಾಗಿ ಬಿಡಬೇಕು. ರಾತ್ರಿಯ ಚಳಿ ಅರ್ಧ ಕೆಲಸ ಮಾಡಿಟ್ಟಿರುತ್ತದೆ. ನಾವು ಉಳಿದರ್ಧ ಮಾಡಿದರಾಯಿತು.

ಮೊದಲು ಗಾಲಿ. ಅವುಗಳಿಗೆ ಬೇರೆ ಬಕೆಟ್, ಬೇರೆ ಬ್ರಷ್. ಬ್ರೇಕಿನ ಕರಿಪುಡಿಯಲ್ಲಿ ಕಬ್ಬಿಣದ ಕಣವಿರುವುದರಿಂದ ಅದು ಮೇಲಿನ ಮೈಯ ಹತ್ತಿರ ಸುಳಿಯಬಾರದು. ಆಮೇಲೆ ಚಾವಣಿಯಿಂದ ಕೆಳಕ್ಕೆ ಬರಿ ನೀರು. ಕೈ ಮುಟ್ಟಿಸದೆ ಎಷ್ಟು ಇಳಿಯುತ್ತದೋ ಅಷ್ಟನ್ನು ಇಳಿಯಲು ಬಿಡುವುದು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರಿನ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಶಾಂಪೂ ನೀರಿನಲ್ಲಿ ಅದ್ದಿದ ಮೆತ್ತನೆಯ ಮೈಕ್ರೋಫೈಬರ್ ಕೈಗವಸನ್ನು ಅದರ ತೂಕಕ್ಕಷ್ಟೇ ಬಿಟ್ಟು ನೇರ ಗೆರೆಯಲ್ಲಿ ಎಳೆಯಬೇಕು. ಗುಂಡಗೆ ತಿರುವಿದರೆ ಗೀರು ಬಿದ್ದಾಗ ಎಲ್ಲ ದಿಕ್ಕಿನಿಂದಲೂ ಕಾಣುತ್ತದೆ. ಒಂದು ಬಾಗಿಲು ಮುಗಿದರೆ ಬರಿ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಶಾಂಪೂವಿಗೆ. ಕೊನೆಗೆ ಆ ಬಕೆಟ್ಟಿನ ತಳ ನೋಡಬೇಕು. ಹೊಳೆಯುವ ಮರಳಿನ ಒಂದು ಪದರ ಕೂತಿರುತ್ತದೆ. ಅದು ಕಾರಿನ ಮೈಮೇಲೆ ಮತ್ತೆ ಹೋಗಲಿಲ್ಲವಲ್ಲ ಎಂಬ ಸಂತೋಷವನ್ನು ಅನುಭವಿಸಿದವರೇ ಬಲ್ಲರು. ಬಟ್ಟೆ ತೊಳೆಯುವ ಪುಡಿಯಂತೂ ಬೇಡವೇ ಬೇಡ. ಕೊಳೆಯ ಜೊತೆಗೆ ಮೇಣದ ಹೊದಿಕೆಯನ್ನೂ ಅದು ಕಿತ್ತೊಯ್ಯುತ್ತದೆ.

ನೀರಿನ ಮಾತನ್ನು ಬಿಡುವಂತಿಲ್ಲ. ಕುಷ್ಟಗಿ, ಯಲಬುರ್ಗಾದ ಕಡೆ ಬೋರಿನ ನೀರೇ ಆಧಾರ, ಮತ್ತು ಅದು ಗಡಸು. ಅದರಲ್ಲಿ ಕರಗಿದ ಸುಣ್ಣದಂಶ ನೀರು ಆರಿದ ಮೇಲೆ ಬಿಳಿ ಬೊಟ್ಟಾಗಿ ಉಳಿಯುತ್ತದೆ. ಬಿಳಿ ಕಾರಿನ ಮೇಲೆ ಅದನ್ನು ಹುಡುಕಬೇಕು. ಕಪ್ಪಿನ ಮೇಲೆ ಸಿಡುಬಿನ ಕಲೆಯ ಹಾಗೆ ಎದ್ದು ಕಾಣುತ್ತದೆ. ನಮ್ಮ ಕಾಲುವೆಯ ನೀರು ಮೆದು, ಆದರೆ ಹೂಳಿನ ನೀರು. ಹಿಂದಿನ ಸಂಜೆ ಡ್ರಮ್ಮಿನಲ್ಲಿ ತುಂಬಿಟ್ಟರೆ ಬೆಳಗಾಗುವುದರೊಳಗೆ ಹೂಳು ತಳ ಸೇರುತ್ತದೆ. ಮೇಲಿನ ತಿಳಿಯನ್ನು ಅಲುಗಿಸದೆ ತೋಡಿಕೊಳ್ಳಬೇಕು. ಗಡಸು ನೀರಿನ ಬೊಟ್ಟು ಬಿದ್ದಿದ್ದರೆ ನೀರು ಬೆರೆಸಿದ ಬಿಳಿ ವಿನೆಗರ್ ಹದವಾಗಿ ಹಚ್ಚಿ ಕೂಡಲೇ ತೊಳೆದರೆ ಸುಣ್ಣ ಕರಗುತ್ತದೆ.

ಕೊನೆಯ ಸುತ್ತಿಗೆ ಪೈಪಿನ ಬಾಯಿ ಅದುಮಬಾರದು. ತೆರೆದ ಬಾಯಿಯಿಂದ ಚಾವಣಿಯ ನಡುವೆ ಮೆಲ್ಲಗೆ ನೀರು ಬಿಟ್ಟರೆ ಅದು ಒಂದೇ ಹಾಳೆಯಾಗಿ ಜಾರುತ್ತದೆ, ಜಾರುವಾಗ ದಾರಿಯಲ್ಲಿನ ಹನಿಗಳನ್ನೆಲ್ಲ ಕರೆದುಕೊಂಡು ಹೋಗುತ್ತದೆ. ಹಿಂದೆ ಉಳಿಯುವ ಮೈ ಬಹುಪಾಲು ಒಣಗಿರುತ್ತದೆ. ಉಳಿದ ಹನಿಗಳ ಮೇಲೆ ಟವೆಲನ್ನು ಹಾಸಿ ಎತ್ತುವುದಷ್ಟೇ, ಉಜ್ಜುವುದಿಲ್ಲ. ನೆಲಕ್ಕೆ ಬಿದ್ದ ಟವೆಲ್ ಮತ್ತೆ ಒಗೆಯುವ ತನಕ ಕಾರಿಗಿಲ್ಲ.

ಡೀಸೆಲ್ ಹಚ್ಚಿ ಹೊಳಪು ತರಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ಅರ್ಧ ದಿನ ಮಿರಮಿರ ಮಿಂಚುತ್ತದೆ, ಆಮೇಲೆ ಆ ಜಿಡ್ಡಿಗೆ ಊರ ಧೂಳೆಲ್ಲ ಬಂದು ಅಂಟುತ್ತದೆ. ನಾನು ನಂಬಿರುವುದು ಕಾರ್ನಾಬಾ ಮೇಣವನ್ನು. ಈಶಾನ್ಯ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಅದನ್ನು ತೆಗೆಯುತ್ತಾರೆ. ಅಲ್ಲಿನ ಒಣ ಬಿಸಿಲಿಗೆ ಎಲೆಯ ನೀರು ಆರದಿರಲೆಂದು ಮರ ತಾನೇ ಹೊದ್ದುಕೊಳ್ಳುವ ಮೇಣ ಅದು. 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಕರಗುತ್ತದೆ. ಚಳಿ ಬಲಿಯುವ ಮೊದಲು ತೆಳ್ಳಗೆ ಒಂದು ಕೈ ಹಚ್ಚಿ, ಮಬ್ಬುಗಟ್ಟಿದ ಮೇಲೆ ಒರೆಸಿ ತೆಗೆದರೆ ಇಬ್ಬನಿಯ ನಡತೆಯೇ ಬದಲಾಗುತ್ತದೆ. ಹಾಳೆಯಂತೆ ಹರಡಿ ಮೆತ್ತಿಕೊಳ್ಳುತ್ತಿದ್ದ ತೇವ ಸಣ್ಣ ಗುಂಡು ಮುತ್ತುಗಳಾಗಿ ನಿಲ್ಲುತ್ತದೆ. ಬಾನೆಟ್ಟಿನ ಇಳಿಜಾರಿನಲ್ಲಿ ಒಂದು ಮುತ್ತು ಪಕ್ಕದ್ದನ್ನು ಸೇರಿಕೊಳ್ಳುತ್ತದೆ, ಎರಡೂ ಕೂಡಿ ಮೂರನೆಯದನ್ನು, ಭಾರ ತಾಳದೆ ಸರಕ್ಕನೆ ಜಾರಿ ಒಂದು ಶುದ್ಧ ಕಪ್ಪು ಗೆರೆ ಎಳೆದುಬಿಡುತ್ತದೆ.

ಕಪ್ಪಿಗೆ ಹೊಳಪು ಕೊಡುವ ಹುಚ್ಚು ಈ ಸೀಮೆಗೆ ಹೊಸತಲ್ಲ. ನದಿಯಾಚೆ ಹಂಪಿಯ ಹಜಾರರಾಮ ಗುಡಿಯ ರಂಗಮಂಟಪದಲ್ಲಿ ನಯಗೊಳಿಸಿದ ಕರಿಕಲ್ಲಿನ ಕಂಬಗಳಿವೆ. ಕುಕನೂರಿನ ಹತ್ತಿರದ ಇಟಗಿಯಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯಿದೆ. ಅಲ್ಲಿನ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆಯುತ್ತದೆ. ಬಳಪದ ಕಲ್ಲನ್ನು ತಿರುಗಣೆಗೆ ಕೊಟ್ಟು ಕಡೆದ ಅದರ ಕಂಬಗಳ ಬಳೆ ಬಳೆಯಂಥ ಏಣುಗಳ ಮೇಲೆ ಬೆಳಕು ಇಂದಿಗೂ ಗೆರೆಗೆರೆಯಾಗಿ ನಿಲ್ಲುತ್ತದೆ. ಒಳಗೆ ಕಾಲಿಟ್ಟಾಗಲೆಲ್ಲ ನನಗನ್ನಿಸುವುದು: ಆ ಕುಶಲಿಗಳಿಗೆ ಹೊಳಪು ಮೇಲೆ ಬಳಿಯುವ ವಸ್ತುವಾಗಿರಲಿಲ್ಲ. ಒರಟನ್ನು ತೆಗೆಯುತ್ತ ತೆಗೆಯುತ್ತ ಕಲ್ಲಿನೊಳಗಿನಿಂದಲೇ ಅದನ್ನು ಬರಿಸಿದರು. ಕಾರಿನ ಬಣ್ಣಕ್ಕೂ ಹೊಳಪು ಮೊದಲೇ ಇದೆ. ಅದನ್ನು ಗೀರದೆ ಕಾಪಾಡುವುದೇ ನಮ್ಮ ಪಾಲಿನ ಕುಶಲತೆ.

ಮಾರ್ಗಶಿರದಲ್ಲಿ ಅಂಜನಾದ್ರಿಗೆ ಹನುಮಮಾಲೆ ಧರಿಸಿದವರು ಸಾಲುಗಟ್ಟಿ ಬರುತ್ತಾರೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಆ ದಿನಗಳಲ್ಲಿ ಆನೆಗೊಂದಿಯ ದಾರಿಯೂ ಕೊಪ್ಪಳದ ದಾರಿಯೂ ಧೂಳೋ ಧೂಳು. ಆ ಧೂಳು ನನಗೆ ಬೇಸರ ತರುವುದಿಲ್ಲ. ಹಬ್ಬಕ್ಕೆ ಹೋಗಿಬಂದ ಕಾರಿನ ಮೇಲೆ ಹಬ್ಬದ ಮಣ್ಣು ಇರಬೇಕಾದದ್ದೇ. ಮರುದಿನ ಬೆಳಗಿನ ನೀರು ಅದನ್ನು ಒಯ್ಯುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೊರಟುಹೋಗುತ್ತದೆ. ಇಬ್ಬನಿಯ ಸಹಾಯ ಅಲ್ಲಿಗೆ ಮುಗಿಯಿತು. ಮುಂದೆ ಕಪ್ಪು ಬಾನೆಟ್ ಕೈಯಿಡಲಾಗದಷ್ಟು ಕಾಯುವ ಕಾಲ. ಅಷ್ಟರೊಳಗೆ ಇನ್ನೊಂದು ಕೈ ಮೇಣ ಹಚ್ಚಿರಬೇಕು. ಕಪ್ಪು ಕಾರು ಕೊಳ್ಳಬೇಕೆಂದು ಆಸೆಯಿದ್ದು ಹಿಂಜರಿಯುವವರಿಗೆ ನಾನು ಹೇಳುವುದು ಒಂದೇ: ಕೊಳ್ಳಿ. ಅದು ಹೆಚ್ಚು ದುಡಿಮೆ ಕೇಳುವುದಿಲ್ಲ, ಹೊತ್ತರಿತ ದುಡಿಮೆ ಕೇಳುತ್ತದೆ. ನಿಮ್ಮ ಊರಿನ ಗಾಳಿ, ನೀರು, ಮಣ್ಣು ಯಾವ ಹೊತ್ತಿಗೆ ಹೇಗಿರುತ್ತವೆಂದು ಕಲಿಸುತ್ತದೆ, ಮತ್ತು ಕಲಿತವರ ಕೈಗೆ ಹೊಳಪನ್ನು ಉದ್ರಿ ಇಟ್ಟುಕೊಳ್ಳದೆ ಅಂದಂದೇ ಕೊಡುತ್ತದೆ.