ಕೊಡಗಿನ ದಾರಿಯಲ್ಲಿ ಎರಡು ವಿದ್ಯುತ್ ಕಾರುಗಳು

ಬೆಂಗಳೂರಿನಿಂದ ಮಡಿಕೇರಿಗೆ ಹೋಗುವ ದಾರಿಯನ್ನು ಬಣ್ಣಿಸಿದವರು ಅನೇಕರು. ರಾಮನಗರದ ಬಂಡೆಗಳು, ಮಂಡ್ಯದ ಕಬ್ಬಿನ ಗದ್ದೆಗಳು, ಶ್ರೀರಂಗಪಟ್ಟಣದ ಕಾವೇರಿ, ಕೊನೆಗೆ ಕಾಫಿ ತೋಟಗಳ ತಂಪು—ಇವೆಲ್ಲ ನಮ್ಮ ವಾಚಕರಿಗೆ ಚಿರಪರಿಚಿತ. ಆದರೆ ಇದೇ ದಾರಿಯನ್ನು ವಿದ್ಯುತ್ತಿನಿಂದ ಓಡುವ ಕಾರಿನಲ್ಲಿ ಕ್ರಮಿಸುವವನಿಗೆ ಊರುಗಳು ಬೇರೆಯೇ ಬಗೆಯಲ್ಲಿ ಕಾಣಿಸುತ್ತವೆ. ಪೆಟ್ರೋಲ್ ಕಾರಿನವನು ಗಮನಿಸದೆ ಬಿಡುವ ಏರು, ಇಳಿಜಾರು, ಎದುರುಗಾಳಿ ಇವನಿಗೆ ಜಮಾಖರ್ಚಿನ ಬಾಬುಗಳಾಗುತ್ತವೆ.

೨೦೨೩ರ ನವೆಂಬರಿನಲ್ಲಿ ನಾವು ಆರು ಜನ ಎರಡು ಕಾರುಗಳಲ್ಲಿ ಈ ದಾರಿ ಹಿಡಿದುದಕ್ಕೆ ಒಂದು ಕಾರಣವಿತ್ತು. ನನ್ನ ಭಾವನವರು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ಆ ವರ್ಷ ನಿವೃತ್ತರಾಗಿದ್ದರು. ಅವರ ಒಬ್ಬಳೇ ಮಗಳು ಮಡಿಕೇರಿಯಲ್ಲಿ ಸಂಸಾರ ಹೂಡಿದ್ದಾಳೆ. ಅವಳ ಚೊಚ್ಚಲ ಮಗುವಿಗೆ ಆಗ ಐದು ತಿಂಗಳು. ತಿಂಗಳಿಗೊಮ್ಮೆಯಾದರೂ ಮೊಮ್ಮಗುವನ್ನು ನೋಡಿಬರಬೇಕೆಂಬುದು ಅಕ್ಕನ ಹಂಬಲ. ದೂರದ ಬಸ್ಸಿನ ಪ್ರಯಾಣವೋ ಅವಳ ಮಂಡಿನೋವಿಗೆ ಒಗ್ಗದು. ನಿವೃತ್ತಿಯ ಹಣದಲ್ಲಿ ಒಂದು ಪುಟ್ಟ ವಿದ್ಯುತ್ ಕಾರನ್ನು ಕೊಳ್ಳುವುದೆಂದು ಗಂಡಹೆಂಡಿರಿಬ್ಬರೂ ನಿಶ್ಚಯಿಸಿದ್ದರು. ಕಾರು ಯಾವುದೆಂಬುದೂ ಗೊತ್ತಾಗಿತ್ತು: ಟಾಟಾ ಕಂಪನಿಯ ಟಿಯಾಗೊ ಇ.ವಿ. ಯಾವ ದರ್ಜೆಯದೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಈ ದರ್ಜೆಗಳ ಏಣಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ೨೦೨೨ರ ಸೆಪ್ಟೆಂಬರಿನಲ್ಲಿ ಈ ಕಾರು ಪೇಟೆಗೆ ಬಂದಾಗ ಅದರ ಮೂಲ ದರ್ಜೆಗೆ ೮.೪೯ ಲಕ್ಷ ರೂಪಾಯಿ ಪರಿಚಯದ ಬೆಲೆಯಾಗಿತ್ತು. ಅದಕ್ಕೆ ೧೯.೨ ಯೂನಿಟ್ ವಿದ್ಯುತ್ತನ್ನು ಹಿಡಿಯುವ ಬ್ಯಾಟರಿ. ಎರಡನೆಯ ದರ್ಜೆ ಅದೇ ಬ್ಯಾಟರಿಯೊಡನೆ ೯.೦೯ ಲಕ್ಷ, ೨೪ ಯೂನಿಟ್ಟಿನ ದೊಡ್ಡ ಬ್ಯಾಟರಿಯೊಡನೆ ೯.೯೯ ಲಕ್ಷ. ಅದರ ಮೇಲಿನ ದರ್ಜೆ ೧೦.೭೯ ಲಕ್ಷ, ಎಲ್ಲಕ್ಕೂ ಮೇಲಿನದು ೧೧.೨೯ ಲಕ್ಷ. ಮೇಲಿನ ಈ ಎರಡು ದರ್ಜೆಗಳಲ್ಲಿ ಮನೆಯಲ್ಲಿ ಬೇಗ ಚಾರ್ಜು ಮಾಡುವ ಸಾಧನ ಬೇಕೆಂದರೆ ಇನ್ನೂ ೫೦ ಸಾವಿರ. ಅನಂತರ ಬೆಲೆಗಳು ಬದಲಾಗಿವೆ. ಕೊಳ್ಳುವವರು ಇಂದಿನ ಪಟ್ಟಿಯನ್ನು ಮಳಿಗೆಯಲ್ಲೇ ಕೇಳಬೇಕು. ಏಣಿಯ ಸ್ವರೂಪ ತಿಳಿಯಲು ಅಂದಿನ ಪಟ್ಟಿ ಸಾಕು. ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ನಡುವೆ ೨ ಲಕ್ಷ ೮೦ ಸಾವಿರದ ಅಂತರ. ನಿವೃತ್ತ ಉಪಾಧ್ಯಾಯರಿಗೆ ಇದು ಸಣ್ಣ ಮೊತ್ತವಲ್ಲ.

ನಮ್ಮ ನೆರೆಮನೆಯವರಲ್ಲಿ ಮೂಲ ದರ್ಜೆಯ ಕಾರಿದೆ. ಭಾವನವರ ಹಳೆಯ ಶಿಷ್ಯರೊಬ್ಬರಲ್ಲಿ ಎಲ್ಲಕ್ಕೂ ಮೇಲಿನ ದರ್ಜೆಯದಿದೆ. ಇಬ್ಬರೂ ಕೊಡಗನ್ನು ನೋಡಲು ಉತ್ಸುಕರಾಗಿದ್ದರು. “ಮಾತಿನಲ್ಲಿ ತೀರದ್ದನ್ನು ದಾರಿಯಲ್ಲಿ ತೀರಿಸಿಕೊಳ್ಳೋಣ” ಎಂದರು ಭಾವನವರು. ಒಂದೊಂದು ಕಾರಿನಲ್ಲಿ ಮೂವರಂತೆ, ಬ್ಯಾಟರಿಗಳನ್ನು ಪೂರ್ತಿ ತುಂಬಿಸಿಕೊಂಡು, ಬೆಳಗಿನ ಆರು ಗಂಟೆಗೆ ಜಯನಗರದಿಂದ ಹೊರಟೆವು. ನೆರೆಮನೆಯ ದಂಪತಿಗಳೊಡನೆ ನಾನು ಚಿಕ್ಕ ಬ್ಯಾಟರಿಯ ಕಾರಿನಲ್ಲಿ ಕುಳಿತೆ. ಅಕ್ಕ ಮತ್ತು ಭಾವ ಶಿಷ್ಯರ ಕಾರಿನಲ್ಲಿ.

ವಿದ್ಯುತ್ ಕಾರು ಬೆಂಗಳೂರಿಗೆ ಹೊಸದಲ್ಲ. ೨೦೦೧ರಲ್ಲಿಯೇ ‘ರೇವಾ’ ಎಂಬ ಎರಡು ಬಾಗಿಲಿನ ಪುಟ್ಟ ಕಾರು ಇದೇ ನಗರದಲ್ಲಿ ತಯಾರಾಗಿ ಬೀದಿಗಿಳಿದಿತ್ತು. ಅದು ಊರೊಳಗೆ ಓಡಾಡುವವರ ಕಾರು. ಊರೊಳಗಿನ ಓಡಾಟಕ್ಕೆ ನಮ್ಮ ನೆರೆಯವರ ಮೂಲ ದರ್ಜೆಯದೂ ಯಾವ ಕಾರಿಗೂ ಕಡಮೆಯಲ್ಲ. ಕಚೇರಿ, ಮಕ್ಕಳ ಶಾಲೆ, ಮಾರುಕಟ್ಟೆ ಎಲ್ಲ ಸೇರಿ ಅವರದು ದಿನಕ್ಕೆ ನಲವತ್ತು ಕಿಲೋಮೀಟರು. ರಾತ್ರಿ ಮಲಗುವ ಮುನ್ನ ಪ್ಲಗ್ಗು ಸಿಕ್ಕಿಸಿದರೆ ಮುಗಿಯಿತು. ನಿಂತು ನಿಂತು ಹೋಗುವ ದಟ್ಟಣೆಯಲ್ಲಿ ಕಾರು ನಿಧಾನಗೊಂಡಾಗಲೆಲ್ಲ ಮೋಟಾರೇ ವಿದ್ಯುಜ್ಜನಕವಾಗಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಆದ್ದರಿಂದ ಪೆಟ್ರೋಲ್ ಕಾರಿಗೆ ಶತ್ರುವಾದ ಪೇಟೆಯ ಬೀದಿ ಈ ಕಾರಿಗೆ ಮಿತ್ರನೇ ಸರಿ.

ಕುಂಬಳಗೋಡನ್ನು ದಾಟಿ ದಶಪಥಕ್ಕೆ ಬಂದೊಡನೆ ಈ ಮೈತ್ರಿ ಮುಗಿಯಿತು. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಈ ಹೆದ್ದಾರಿಯಲ್ಲಿ ಕಾರುಗಳು ಗಂಟೆಗೆ ೧೦೦ ಕಿಲೋಮೀಟರಿನವರೆಗೆ ಹೋಗಬಹುದು. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ೮೦ರಿಂದ ೧೦೦ಕ್ಕೆ ಏರಿದರೆ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ಊರೊಳಗೆ ಯೂನಿಟ್ಟಿಗೆ ಒಂಬತ್ತು ಕಿಲೋಮೀಟರು ಓಡುತ್ತಿದ್ದ ಕಾರು ಇಲ್ಲಿ ಏಳಕ್ಕಿಳಿಯಿತು. ಪರೀಕ್ಷೆಯ ಕ್ರಮದಲ್ಲಿ ಚಿಕ್ಕ ಬ್ಯಾಟರಿಗೆ ೨೫೦, ದೊಡ್ಡದಕ್ಕೆ ೩೧೫ ಕಿಲೋಮೀಟರೆಂದು ಕಂಪನಿ ಪ್ರಕಟಿಸಿತ್ತು. ಹೆದ್ದಾರಿಯ ವೇಗದಲ್ಲಿ ನಮಗೆ ಸಿಕ್ಕ ಲೆಕ್ಕ ಸುಮಾರು ೧೩೫ ಮತ್ತು ೧೭೦.

ಮೈಸೂರು ಬೆಂಗಳೂರಿನಿಂದ ೧೪೫ ಕಿಲೋಮೀಟರು. ಎರಡು ಬ್ಯಾಟರಿಗಳ ಅಂತರವೆಲ್ಲ ಈ ಒಂದು ಅಂಕಿಯಲ್ಲಿ ಅಡಗಿದೆ. ದೊಡ್ಡ ಬ್ಯಾಟರಿಯವರು ಎಲ್ಲಿಯೂ ನಿಲ್ಲದೆ ಮೈಸೂರು ಸೇರಬಲ್ಲರು. ಚಿಕ್ಕದರವರು ನಡುವೆ ಒಂದೆಡೆ ನಿಲ್ಲಲೇಬೇಕು.

ನಾವು ನಿಂತುದು ಮದ್ದೂರಿನಲ್ಲಿ. ದಶಪಥ ಈ ಊರನ್ನು ಹೊರಗಿನಿಂದಲೇ ಹಾದುಹೋಗುವುದರಿಂದ ಸರ್ವೀಸ್ ರಸ್ತೆಗೆ ಇಳಿದು ಬರಬೇಕು. ಬ್ಯಾಟರಿಯಲ್ಲಿ ಶೇಕಡ ೪೦ ಉಳಿದಿತ್ತು. ಕಾರು ವಿದ್ಯುತ್ತನ್ನು ತುಂಬಿಸಿಕೊಳ್ಳುವ ಮೂವತ್ತೈದು ನಿಮಿಷ ನಾವು ಬಿಸಿ ವಡೆಯ ಸೇವೆಯಲ್ಲಿ ಕಳೆದೆವು. ಇನ್ನೊಂದು ಕಾರಿನವರಿಗೆ ನಿಲ್ಲುವ ಅಗತ್ಯವಿರಲಿಲ್ಲ. ವಡೆಯ ಆಸೆಗೆ ನಿಂತರು. ಮದ್ದೂರಿನಿಂದ ಮಳವಳ್ಳಿಯ ಕಡೆಗೆ ತಿರುಗುವ ರಸ್ತೆ ಶಿವನಸಮುದ್ರಕ್ಕೆ ಹೋಗುತ್ತದೆ. ೧೯೦೨ರಲ್ಲಿ ಅಲ್ಲಿಯ ಕಾವೇರಿಯ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಕಾವೇರಿಯ ವಿದ್ಯುತ್ತಿನಿಂದ ಕಾವೇರಿಯ ತವರಿಗೆ ಪ್ರಯಾಣ ಮಾಡುವ ಕಾಲವೂ ಬಂದಿತಲ್ಲ ಎಂದು ಭಾವನವರು ಸಂತೋಷಪಟ್ಟರು.

ಶ್ರೀರಂಗಪಟ್ಟಣದ ಸೇತುವೆಯನ್ನು ದಾಟಿ ಮೈಸೂರು ಸೇರುವಾಗ ದೊಡ್ಡ ಬ್ಯಾಟರಿಯಲ್ಲಿ ಶೇಕಡ ೧೪ ಉಳಿದಿತ್ತು. ಎರಡು ಕಾರುಗಳನ್ನೂ ಚಾರ್ಜಿಗೆ ಹಾಕಿ ಬೇಗನೆ ಊಟಕ್ಕೆ ಕುಳಿತೆವು. ಇಂಥ ಕೇಂದ್ರಗಳಲ್ಲಿ ಶೇಕಡ ೧೦ರಿಂದ ೮೦ಕ್ಕೆ ಏರಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅದರಿಂದಾಚೆಗೆ ಬ್ಯಾಟರಿಯ ಹಿತಕ್ಕಾಗಿ ವಿದ್ಯುತ್ತಿನ ಹರಿವು ತಾನೇ ಕುಗ್ಗುವುದರಿಂದ ನೂರು ಮುಟ್ಟಿಸಲು ಕಾಯುವುದು ವ್ಯರ್ಥ.

ಊಟದ ವೇಳೆಯಲ್ಲಿ ಶಿಷ್ಯರು ತಮ್ಮ ಕಾರಿನ ಸೌಕರ್ಯಗಳನ್ನು ಬಣ್ಣಿಸಿದರು: ಚರ್ಮದಂಥ ಹೊದಿಕೆಯ ಆಸನಗಳು, ಸುಶ್ರಾವ್ಯವಾದ ಸಂಗೀತ, ಮಳೆಹನಿ ಬಿದ್ದೊಡನೆ ತಾನಾಗಿ ಆಡುವ ವೈಪರ್, ಹೆದ್ದಾರಿಯಲ್ಲಿ ಕಾಲು ಸೋಲದಂತೆ ಒಂದೇ ವೇಗವನ್ನು ಕಾಯ್ದುಕೊಳ್ಳುವ ವ್ಯವಸ್ಥೆ. ಅವರ ಮಾತಿನಲ್ಲಿ ಅತಿಶಯವಿರಲಿಲ್ಲ. ಕೊನೆಯದಂತೂ ದಶಪಥದಲ್ಲಿ ನಿಜವಾದ ಉಪಕಾರ. ಅಕ್ಕ ಎಲ್ಲವನ್ನೂ ಕೇಳಿ, “ಆಸನ ಚೆನ್ನಾಗಿಯೇ ಇದೆಯಪ್ಪಾ. ಆದರೆ ನನ್ನ ಮಂಡಿಗೆ ಬೇಕಾದುದು ನಡುನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು” ಎಂದಳು.

ಮೈಸೂರಿನಿಂದ ಮಡಿಕೇರಿ ೧೨೦ ಕಿಲೋಮೀಟರು. ಇಲ್ಲಿ ಭಾವನವರು ಚಿಕ್ಕ ಕಾರಿಗೆ ಬಂದರು; ನೆರೆಮನೆಯಾಕೆ ಅಕ್ಕನ ಜೊತೆಗೆ ಹೋದರು. ರಸ್ತೆ ಕಿರಿದಾಯಿತು, ವೇಗ ತಗ್ಗಿತು, ಯೂನಿಟ್ಟಿಗೆ ಓಡುವ ದೂರ ಎಂಟೂವರೆಗೆ ಏರಿತು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥವನ್ನು ದಾಟಿದೆವು. ಅಲ್ಲಿಂದ ಮುಂದೆ ದಾರಿಯ ಬದಿಯ ಒಂದು ಕೇಂದ್ರದಲ್ಲಿ ಚಾರ್ಜು ಮಾಡಿಕೊಳ್ಳುವುದೆಂದು ಎಣಿಸಿದ್ದೆವು. ಹೋಗಿ ನೋಡಿದರೆ ಯಂತ್ರ ಕೆಟ್ಟು ನಿಂತಿತ್ತು. ದೊಡ್ಡ ಬ್ಯಾಟರಿಯವರಿಗೆ ಇದರಿಂದ ಬಾಧಕವಿಲ್ಲ. ಅವರು ಆಗಲೇ ಮುಂದೆ ಸಾಗಿದ್ದರು. ನಮ್ಮಲ್ಲಿ ಅರ್ಧ ಬ್ಯಾಟರಿಗಿಂತ ಕಡಮೆಯಿತ್ತು. ಕುಶಾಲನಗರದವರೆಗೆ ತೊಂದರೆಯಿಲ್ಲ, ಅಲ್ಲಿಯ ಕೇಂದ್ರವೂ ಕೈಕೊಟ್ಟರೆ ಬೆಟ್ಟ ಹತ್ತುವಂತಿಲ್ಲ. ತಂಪು ಯಂತ್ರವನ್ನು ನಿಲ್ಲಿಸಿ, ಕಿಟಕಿ ತೆರೆದು, ಐವತ್ತರ ವೇಗದಲ್ಲಿ ನಡೆಸಿದೆವು. ಪಿರಿಯಾಪಟ್ಟಣ ಕಳೆಯಿತು. ೧೯೬೧ರಿಂದ ಟಿಬೆಟನ್ನರು ನೆಲೆಸಿರುವ ಬೈಲಕುಪ್ಪೆಯ ಬಳಿ ರಸ್ತೆಯ ಬದಿಯಲ್ಲಿ ಬಣ್ಣಬಣ್ಣದ ಪ್ರಾರ್ಥನಾ ಧ್ವಜಗಳು ಹಾರಾಡುತ್ತಿದ್ದವು. ಅವುಗಳನ್ನು ನೋಡುವ ವ್ಯವಧಾನ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮೂವರ ದೃಷ್ಟಿಯೂ ಶೇಕಡದ ಅಂಕಿಯ ಮೇಲೆಯೇ ನೆಟ್ಟಿತ್ತು.

ಕಾವೇರಿಯ ಸೇತುವೆ ದಾಟಿ ಕುಶಾಲನಗರ ಸೇರಿದಾಗ ಶೇಕಡ ೨೮ ಉಳಿದಿತ್ತು; ಯಂತ್ರವೂ ಕೆಲಸ ಮಾಡುತ್ತಿತ್ತು. ನಲವತ್ತು ನಿಮಿಷ ಕಾದು, ಸುಂಟಿಕೊಪ್ಪದ ಮೇಲೆ ಕಾಫಿ ತೋಟಗಳ ನಡುವೆ ಏರುತ್ತ, ಮಬ್ಬುಗತ್ತಲೆಯ ಹೊತ್ತಿಗೆ ಮಡಿಕೇರಿ ಮುಟ್ಟಿದೆವು. ಅಕ್ಕ ಒಂದು ಗಂಟೆಗೂ ಮುಂಚೆ ಬಂದು, ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ಭಾವನವರು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಮಗು ನಿದ್ದೆಹೋಗಿತ್ತು.

ಆ ರಾತ್ರಿ ಅಂಗಳದ ಗೋಡೆಯಲ್ಲಿ ನೀರಿನ ಪಂಪಿಗೆಂದು ಹಾಕಿಸಿದ್ದ ೧೫ ಆಂಪಿಯರಿನ ಪ್ಲಗ್ಗಿಗೆ ಚಿಕ್ಕ ಕಾರನ್ನು ಸೇರಿಸಿದೆವು. ಇಂಥ ಪ್ಲಗ್ಗಿನಿಂದ ದೊಡ್ಡ ಬ್ಯಾಟರಿ ತುಂಬಲು ಎಂಟೂಮುಕ್ಕಾಲು ಗಂಟೆ, ಚಿಕ್ಕದಕ್ಕೆ ಏಳು ಗಂಟೆಯೆಂದು ಕಂಪನಿಯ ಲೆಕ್ಕ. ೫೦ ಸಾವಿರದ ಬೇಗದ ಸಾಧನವಿದ್ದರೆ ದೊಡ್ಡದು ಮೂರೂವರೆ ಗಂಟೆಗೆ ತುಂಬುತ್ತದೆ. ರಾತ್ರಿಯೆಲ್ಲ ಮಲಗುವ ಮನೆಗೆ ಆ ಅವಸರವೇಕೆಂಬುದು ಅಕ್ಕನ ಪ್ರಶ್ನೆ.

ಮರುದಿನ ಬೆಳಿಗ್ಗೆ ರಾಜಾಸೀಟಿನಿಂದ ಕಣಿವೆಯ ಮಂಜನ್ನೂ, ೧೮೨೦ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದ ಓಂಕಾರೇಶ್ವರ ದೇವಾಲಯವನ್ನೂ ನೋಡಿಕೊಂಡು, ಚಿಕ್ಕ ಕಾರಿನಲ್ಲಿ ಸಂಪಾಜೆಯ ಘಟ್ಟವನ್ನಿಳಿದೆವು. ೨೦೧೮ರ ಆಗಸ್ಟಿನ ಮಳೆಯಲ್ಲಿ ಗುಡ್ಡಗಳು ಕುಸಿದು ಈ ರಸ್ತೆ ಮುಚ್ಚಿಹೋಗಿತ್ತು. ಮೂವತ್ತು ಕಿಲೋಮೀಟರಿನಲ್ಲಿ ಸುಮಾರು ಸಾವಿರ ಮೀಟರಿನ ಇಳಿತ. ಮೋಟಾರು ವಿದ್ಯುತ್ತನ್ನು ಮರಳಿಸುತ್ತ ಕಾರನ್ನು ಹಿಡಿದಿಡುವ ಬಲವನ್ನು ಚಾಲಕನೇ ಹೆಚ್ಚು ಕಡಮೆ ಮಾಡಿಕೊಳ್ಳಬಹುದು. ಮೂಲ ದರ್ಜೆಗೂ ಈ ಅನುಕೂಲವಿದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದುದರಿಂದ ಮೊದಲ ಕೆಲವು ತಿರುವುಗಳಲ್ಲಿ ಆ ಹಿಡಿತ ದೊರೆಯಲಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯದು. ಘಟ್ಟದ ಮೇಲಿನ ಊರಿನಲ್ಲಿ ಚಾರ್ಜು ಮಾಡಿ ಇಳಿಯುವವರು ಶೇಕಡ ೯೦ಕ್ಕೇ ನಿಲ್ಲಿಸುವುದು ಲೇಸು. ಬುಡ ಮುಟ್ಟಿದಾಗ ಅಂಕಿ ಹೆಚ್ಚು ಕಡಮೆ ಹೊರಟಲ್ಲಿಯೇ ಇತ್ತು. ಮೂವತ್ತು ಕಿಲೋಮೀಟರನ್ನು ಬೆಟ್ಟವೇ ಪುಕ್ಕಟೆಯಾಗಿ ದಾಟಿಸಿತ್ತು.

ಮರಳಿ ಏರುವಾಗ ಬೆಟ್ಟ ಲೆಕ್ಕ ಚುಕ್ತಾ ಮಾಡಿತು. ಭಾವನವರು ಲಕೋಟೆಯ ಹಿಂಬದಿಯಲ್ಲಿ ಗುಣಾಕಾರ ಮಾಡಿದರು. ಜನ, ಸಾಮಾನು ಸೇರಿ ೧,೫೦೦ ಕಿಲೋಗ್ರಾಂ ತೂಕವನ್ನು ಸಾವಿರ ಮೀಟರು ಎತ್ತಲು ನಾಲ್ಕು ಯೂನಿಟ್ಟಿಗೆ ಸ್ವಲ್ಪ ಮಿಕ್ಕಿ ಬೇಕು. ಯಂತ್ರದಲ್ಲಿ ಸೋರಿಹೋಗುವುದೂ ರಸ್ತೆಯ ಖರ್ಚೂ ಸೇರಿ ಎಂಟು. ಚಿಕ್ಕ ಬ್ಯಾಟರಿಗೆ ಇದು ಶೇಕಡ ೪೨, ದೊಡ್ಡದಕ್ಕೆ ೩೩.

ಆ ಸಂಜೆ ಜಗಲಿಯಲ್ಲಿ ಕುಳಿತು ಅವರು ಪಟ್ಟಿಯನ್ನು ಎರಡು ಪಾಲು ಮಾಡಿದರು. ದೂರಕ್ಕಾಗಿ ಕೊಡುವ ಹಣ ಒಂದು ಪಾಲು. ಸೊಗಸಿಗಾಗಿ ಕೊಡುವುದು ಇನ್ನೊಂದು. ಎರಡನೆಯ ದರ್ಜೆಯಲ್ಲಿ ಚಿಕ್ಕ ಬ್ಯಾಟರಿಯಿಂದ ದೊಡ್ಡದಕ್ಕೆ ಹೋಗಲು ೯೦ ಸಾವಿರ; ಇದು ದೂರದ ಹಣ. ಅದರಿಂದ ಮೇಲೆ ತುತ್ತತುದಿಯವರೆಗೆ ೧ ಲಕ್ಷ ೩೦ ಸಾವಿರ. ಇದರಿಂದ ದಾರಿ ಒಂದು ಕಿಲೋಮೀಟರೂ ಹೆಚ್ಚದು. ಮಾರುವವರು ಎರಡನ್ನೂ ಒಂದೇ ಏಣಿಯಲ್ಲಿ ಜೋಡಿಸಿರುವುದರಿಂದ ಮೇಲಿನದೆಲ್ಲ ಮೇಲೆಂದೇ ತೋರುತ್ತದೆ. ಶಿಷ್ಯರು ವಾರಕ್ಕೆರಡು ಸಲ ಹೆದ್ದಾರಿಯಲ್ಲಿ ಓಡಾಡುವವರು. ಅವರಿಗೆ ಸೊಗಸೂ ಸಾರ್ಥಕ. ನಮ್ಮ ನೆರೆಯವರು ವರ್ಷಕ್ಕೊಮ್ಮೆ ಊರು ಬಿಡುವವರು. ಅವರಿಗೆ ದೊಡ್ಡ ಬ್ಯಾಟರಿಯೂ ಹೊರೆ. ತಿಂಗಳಿಗೊಮ್ಮೆ ಬೆಟ್ಟ ಹತ್ತಬೇಕಾದ ಅರವತ್ತರ ದಂಪತಿಗಳಿಗೆ, ಕೆಟ್ಟ ಯಂತ್ರವೊಂದನ್ನು ದಾಟಿ ಮುಂದಿನ ಊರಿಗೆ ಹೋಗಬಲ್ಲ ಶಕ್ತಿ ಬೇಕು. ಉಳಿದುದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಏಣಿಯ ನಡುವಿನ ಮೆಟ್ಟಿಲು, ದೊಡ್ಡ ಬ್ಯಾಟರಿ, ಬಟ್ಟೆಯ ಆಸನ—ತೀರ್ಮಾನ ಹೀಗಾಯಿತು.

ಕಾರು ಕೊಳ್ಳುವ ಮೊದಲೇ ಭಾವನವರು ಇನ್ನೊಂದು ಖರ್ಚು ಮಾಡಿದರು. ಮಡಿಕೇರಿಯ ವಿದ್ಯುತ್ ಕೆಲಸಗಾರನೊಬ್ಬನನ್ನು ಕರೆಸಿ, ಅಳಿಯನ ಮನೆಯ ಅಂಗಳಕ್ಕೆ ದಪ್ಪ ತಂತಿಯ ಪ್ರತ್ಯೇಕ ಲೈನು, ಭದ್ರವಾದ ಅರ್ತಿಂಗ್, ಮಳೆ ತಾಗದಂಥ ಮುಚ್ಚಳವುಳ್ಳ ಪ್ಲಗ್ಗು ಹಾಕಿಸಿದರು. ಸೊಗಸಿಗೆಂದು ತೆಗೆದಿರಿಸಿದ್ದರಲ್ಲಿ ಒಂದು ಸಣ್ಣ ಭಾಗ ಅದಕ್ಕೆ ಸಾಕಾಯಿತು. ಈಗ ಅಜ್ಜ ಅಜ್ಜಿ ಸಂಜೆ ಬಂದಿಳಿದರೆ ಮೊಮ್ಮಗ ಮೊದಲು ಓಡಿಬರುವುದು ಆ ಮುಚ್ಚಳವನ್ನು ಎತ್ತಿಹಿಡಿಯಲು.