ಹಳದಿ ಮೀಟರಿನ ಹತ್ತು ಆಂಪಿಯರ್ ತೂತು

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳದಿ ಬಣ್ಣದ ಡಿಟಿ-830 ಮೀಟರುಗಳು ರಾಶಿ ಬೀಳುವ ಮೊದಲು, ಮಲ್ಟಿಮೀಟರ್ ಎಂದರೆ ರಿಪೇರಿಯವರು ಇನ್ನೊಬ್ಬರ ಕೈಗೆ ಕೊಡಲು ಹಿಂದೆಮುಂದೆ ನೋಡುತ್ತಿದ್ದ ವಸ್ತು. ಲ್ಯಾಬುಗಳಲ್ಲಿದ್ದ ಏವೋ-8 ಎಂಬ ಮುಳ್ಳಿನ ಮೀಟರಿಗಂತೂ ತೂಕವೇ ಒಂದು ಗತ್ತು. ಮುಳ್ಳು ಮಿತಿ ಮೀರಿ ಬಡಿದರೆ ಟಕ್ಕೆಂದು ಗುಂಡಿಯೊಂದು ಮೇಲೆದ್ದು ಸರ್ಕ್ಯೂಟ್ ಕಡಿಯುತ್ತಿತ್ತು. ಆಮೇಲೆ ಬಂದದ್ದು 7106 ಎಂಬ ಚಿಪ್. ಅಳೆಯುವುದನ್ನೂ ಅಂಕಿ ತೋರಿಸುವುದನ್ನೂ ಅದೊಂದೇ ವಹಿಸಿಕೊಂಡಿತು. ಅದರ ನಕಲುಗಳು ಬೋರ್ಡಿನ ಮೇಲೆ ಕಪ್ಪು ಅಂಟಿನ ಉಂಡೆಯಾಗಿ ಕೂತ ಮೇಲೆ ಮೀಟರು ಇನ್ನೂರು-ಮುನ್ನೂರು ರೂಪಾಯಿಗೆ ಸಿಗತೊಡಗಿತು. ಈ ಅಗ್ಗದಲ್ಲಿ ಮೋಸವಿರಲಿಲ್ಲ; ಡಿಪ್ಲೊಮಾ ಹುಡುಗರ ಕೈಗೂ ಒಳ್ಳೆಯ ಅಳತೆ ಸಿಕ್ಕಿತು. ನನ್ನ ತಕರಾರು, ಅದೇ ಗುಂಗಿನಲ್ಲಿ ಕಣ್ಣಿಗೆ ಕಾಣದ ಕಡೆ ಮಾಡಿದ ಉಳಿತಾಯದ ಬಗ್ಗೆ.

ಈ ಮೀಟರಿನ ಹಿಂಬದಿ ಬಿಚ್ಚಿದರೆ, 10 ಆಂಪಿಯರ್ ಸಾಕೆಟ್ಟಿನಿಂದ ಕಾಮನ್ ಸಾಕೆಟ್ಟಿಗೆ ಬಾಗಿಸಿ ಬೆಸುಗೆ ಹಾಕಿದ ದಪ್ಪ ತಂತಿಯ ತುಂಡು ಕಾಣುತ್ತದೆ. ಕರೆಂಟ್ ಅಳೆಯಲು ಅದನ್ನು ಹಾಯಿಸುವ ಶಂಟ್ ಅದೇ. ಆ ದಾರಿಯಲ್ಲಿ ಫ್ಯೂಸ್ ಇಲ್ಲ. ಇಲ್ಲವೆಂದು ಮುಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಬೇರೆ ಹಾಕಿರುತ್ತಾರೆ. ಅದರ ಡಯಲ್ಲೇ 750 ವೋಲ್ಟ್ ಎಸಿಯನ್ನೂ ಅಳೆಯಬಹುದು ಎನ್ನುತ್ತದೆ. ಬ್ಯಾಟರಿಯ ಕರೆಂಟ್ ನೋಡಿದ ಪ್ರೋಬನ್ನು ಆ ತೂತಿನಲ್ಲೇ ಮರೆತು 415 ವೋಲ್ಟಿನ ಪ್ಯಾನಲ್ಲಿಗೆ ಇಟ್ಟರೆ ನೇರ ಶಾರ್ಟು. ಮನೆಯ ಪ್ಲಗ್ಗಾದರೆ ಎಂಸಿಬಿ ಬಿದ್ದು ಮನುಷ್ಯ ಉಳಿದುಕೊಂಡಾನು. ಟ್ರಾನ್ಸ್‌ಫಾರ್ಮರ್ ಹತ್ತಿರದ ಪ್ಯಾನಲ್ಲಿನಲ್ಲಿ ಹರಿಯುವುದು ಸಾವಿರಾರು ಆಂಪಿಯರ್. ಕೆಲವು ಮೀಟರುಗಳಲ್ಲಿ ಹಾಕುವ 10 ಆಂಪಿಯರಿನ ಮಾಮೂಲಿ ಗಾಜಿನ ಫ್ಯೂಸ್ ಸುರಕ್ಷಿತವಾಗಿ ಕಡಿಯಬಲ್ಲದ್ದು 250 ವೋಲ್ಟಿನಲ್ಲಿ 100 ಆಂಪಿಯರ್ ಅಷ್ಟೆ. ಅದರಾಚೆ ಒಳಗಿನ ಎಳೆ ಕರಗಿದರೂ ಕಿಡಿ ಆರುವುದಿಲ್ಲ, ಗಾಜು ಸಿಡಿಯುತ್ತದೆ. ಭಾರೀ ಕರೆಂಟನ್ನೂ ಕಡಿಯಬಲ್ಲ ಎಚ್‌ಆರ್‌ಸಿ ಫ್ಯೂಸಿನಲ್ಲಾದರೆ ಪಿಂಗಾಣಿ ಕೊಳವೆಯೊಳಗೆ ಮರಳು ತುಂಬಿರುತ್ತದೆ. ಕಿಡಿಯ ಶಾಖಕ್ಕೆ ಮರಳೇ ಕರಗಿ ಗಾಜಾಗಿ ಕಿಡಿಯನ್ನು ನುಂಗುತ್ತದೆ. ಒಳ್ಳೆಯ ಮೀಟರುಗಳಲ್ಲಿ ಬರುವ 11 ಆಂಪಿಯರಿನದು 1000 ವೋಲ್ಟಿನಲ್ಲೂ 20,000 ಆಂಪಿಯರ್ ತಡೆಯುತ್ತದೆ. ಅದೊಂದರ ಬೆಲೆಗೆ ಹಳದಿ ಮೀಟರು ಎರಡೋ ಮೂರೋ ಬರುತ್ತವೆ. ಅದಕ್ಕೇ ಅದು ಮಾಯ.

ಕೆಲಸ ಬಲ್ಲವನು ಪ್ರೋಬನ್ನು ತಪ್ಪು ತೂತಿಗೆ ಹಾಕುವುದಿಲ್ಲ ಎಂಬ ವಾದವಿದೆ. ಹಾಕುತ್ತಾನೆ, ಕೆಲಸ ಬಲ್ಲವನೇ ದಿನಕ್ಕೆ ನೂರು ಸಲ ಹಾಕಿ ತೆಗೆಯುವವನು. ಮೇಲಾಗಿ ಮೀಟರುಗಳ ಸುರಕ್ಷತೆಯ ಐಇಸಿ 61010 ಮಾನದಂಡ ಲೆಕ್ಕಕ್ಕೆ ಹಿಡಿದಿರುವುದು ಬರೀ ಕೈತಪ್ಪನ್ನಲ್ಲ. ಸಿಡಿಲಿನಿಂದಲೋ ದೊಡ್ಡ ಮೋಟಾರು ಆಫ್ ಆದಾಗಲೋ ಲೈನಿನಲ್ಲಿ ಕ್ಷಣಮಾತ್ರ ನುಗ್ಗುವ ವೋಲ್ಟೇಜಿಗೆ ಯಾರ ಎಚ್ಚರವೂ ಅಡ್ಡ ಬರುವುದಿಲ್ಲ. ಪ್ಲಗ್ಗಿನ ಮಟ್ಟದ ಕೆಲಸಕ್ಕೆಂದಿರುವ 600 ವೋಲ್ಟಿನ ಕ್ಯಾಟ್-2 ವರ್ಗದ ಮೀಟರನ್ನು 4000 ವೋಲ್ಟಿನ ಹೊಡೆತದಿಂದ ಪರೀಕ್ಷಿಸಿದರೆ ಪ್ಯಾನಲ್ಲಿನ ಮಟ್ಟದ ಕ್ಯಾಟ್-3ರದ್ದನ್ನು 6000ದಿಂದ. ಆದರೆ ಮುಖ್ಯ ವ್ಯತ್ಯಾಸ ವೋಲ್ಟಿನಲ್ಲಿಲ್ಲ. ಮೊದಲನೆಯದರಲ್ಲಿ ಹೊಡೆತದ ಹಿಂದೆ 12 ಓಮ್ ತಡೆಯಿದ್ದರೆ ಎರಡನೆಯದರಲ್ಲಿ ಬರೀ 2 ಓಮ್. ಹಾಗಾಗಿ 333 ಆಂಪಿಯರ್ ಎಲ್ಲಿ, 3000 ಎಲ್ಲಿ! ಅದನ್ನು ತಾಳಲು ಬೋರ್ಡಿನಲ್ಲಿ ಜಾಗ ಬಿಡಬೇಕು, ಸೀಳು ಕೊರೆಯಬೇಕು, ನುಗ್ಗುವ ವೋಲ್ಟೇಜನ್ನು ಹೀರುವ ಎಂಒವಿ ಕೂರಿಸಬೇಕು. ಡಬ್ಬಿಯ ಮೇಲೆ ಕ್ಯಾಟ್-3 ಎಂದು ಅಚ್ಚು ಹಾಕುವುದಕ್ಕೆ ಶಾಯಿ ಸಾಕು.

ರೇಡಿಯೊ ರಿಪೇರಿಗೆ, ಒಂಬತ್ತು ವೋಲ್ಟಿನ ಪ್ರಾಜೆಕ್ಟಿಗೆ ಇಷ್ಟೆಲ್ಲ ಯಾಕೆ ಎಂದರೆ ಒಪ್ಪುತ್ತೇನೆ. ಬೇಡವೇ ಬೇಡ. ಹಾಗಾದರೆ ಡಯಲಿನ ಮೇಲೆ 750 ಯಾಕೆ? ಬಡ ಎಲೆಕ್ಟ್ರಿಷಿಯನ್ನಿಗೆ ದುಬಾರಿ ಮೀಟರು ಎಟುಕುವುದಿಲ್ಲ ಎಂಬ ಮಾತು ಇದಕ್ಕಿಂತ ಗಟ್ಟಿ. ಅದಕ್ಕೆ ಉತ್ತರ ದುಬಾರಿ ಫ್ಯೂಸೇ ಆಗಬೇಕಿಲ್ಲ. ವೋಲ್ಟು, ಓಮು ಅಳೆಯಲಷ್ಟೇ ಮೀಟರು ಸಾಕು. ಕರೆಂಟಿಗೆ ತಂತಿಯ ಸುತ್ತ ಬಾಯಿ ಹಾಕುವ ಕ್ಲ್ಯಾಂಪ್ ಮೀಟರು ಈಗ ಮೇಸ್ತ್ರಿಗಳ ಸೊಂಟದಲ್ಲೇ ತೂಗಾಡುತ್ತಿದೆ. ಹಾಗೆ ಮಾಡಿದರೆ 10 ಆಂಪಿಯರಿನ ತೂತು, ಶಂಟ್ ತಂತಿ ಎರಡೂ ಬೇಕಾಗುವುದಿಲ್ಲ; ಕಂಪನಿಗೆ ಖರ್ಚು ಕಡಿಮೆಯೇ. ಆದರೂ ಹಳದಿ ಮೀಟರಿನಲ್ಲಿ ಆ ತೂತು ಇವತ್ತಿಗೂ ಇದೆ, ಅಂಗಡಿಯ ಕಪಾಟಿನಲ್ಲಿ ಮೂರು ತೂತಿನದು ಎರಡು ತೂತಿನದಕ್ಕಿಂತ ದೊಡ್ಡದಾಗಿ ಕಾಣುತ್ತದಲ್ಲ.