ಹುಟ್ಟಿದೂರಿಗೆ ಮರಳಲೂ ವೀಸಾ ಬೇಕು

ದುಬೈ ನಗರವನ್ನು ಸಮುದ್ರದ ಕಾಲುವೆಯೊಂದು ಎರಡು ಹೋಳು ಮಾಡಿದೆ. ಒಂದು ದಡ ದೇರಾ, ಇನ್ನೊಂದು ಬರ್ ದುಬೈ. ನಡುವೆ ‘ಅಬ್ರಾ’ ಎಂಬ ಮರದ ದೋಣಿಗಳ ಓಡಾಟ. ಒಂದು ದಿರ್ಹಂ ಕೊಟ್ಟರೆ ಆಚೆ ದಡ. ಬರ್ ದುಬೈಯ ಅಂಗಡಿ ಬೀದಿಗಳಲ್ಲಿ ಕನ್ನಡವೋ ತುಳುವೋ ಬ್ಯಾರಿಯೋ ಕಿವಿಗೆ ಬಿದ್ದರೆ ಅಚ್ಚರಿಯೇನಿಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಕಣ್ಣು ಬಿಟ್ಟದ್ದೇ ಈ ಊರಿನಲ್ಲಿ.

ರಜೆಗೆ ಬಂದ ಮೊಮ್ಮಗುವನ್ನು ‘ನಿನ್ನ ಊರು ಯಾವುದು ಮಗಾ?’ ಎಂದು ಅಜ್ಜಿ ಕೇಳಿದರೆ ‘ದುಬೈ’ ಎಂಬ ಉತ್ತರ ತಟ್ಟನೆ ಬರುತ್ತದೆ. ಪಾಸ್‌ಪೋರ್ಟ್ ಈ ಮಾತನ್ನು ಅರ್ಧ ಮಾತ್ರ ಒಪ್ಪುತ್ತದೆ. ಹುಟ್ಟಿದ ಸ್ಥಳ ದುಬೈ, ರಾಷ್ಟ್ರೀಯತೆ ಭಾರತೀಯ.

ಅರಬ್ ಸಂಯುಕ್ತ ಸಂಸ್ಥಾನದ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪರದೇಶದವರ ಮಗು ಅಲ್ಲಿನ ಪ್ರಜೆಯಾಗುವುದಿಲ್ಲ. ಭಾರತದ ಪೌರತ್ವವೂ ತಾನಾಗಿ ಕೈಗೆ ಬರುವುದಿಲ್ಲ. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಇತ್ತ ಹುಟ್ಟಿದ 120 ದಿನಗಳೊಳಗೆ ವಾಸದ ವೀಸಾ ಆಗದಿದ್ದರೆ ದಿನ ಲೆಕ್ಕದಲ್ಲಿ ದಂಡ. ತೊಟ್ಟಿಲಿನ ಜೊತೆಗೇ ಕಡತವೊಂದು ತೆರೆದುಕೊಳ್ಳುತ್ತದೆ.

ಹೀಗೆ ಪಡೆದ ವೀಸಾವನ್ನು ಉಳಿಸಿಕೊಳ್ಳುವುದು ಇನ್ನೊಂದು ಪಾಡು. ತಂದೆ ತಾಯಿ ಇಬ್ಬರೂ ದುಡಿಯುವವರು. ‘ಮಗು ಕೆಲವು ದಿನ ನಮ್ಮ ಹತ್ತಿರವೇ ಇರಲಿ’ ಎನ್ನುತ್ತಾರೆ ಊರಿನ ಅಜ್ಜಿ. ಸಾಮಾನ್ಯ ವಾಸದ ವೀಸಾ ಇರುವವರು ಸತತವಾಗಿ 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ವೀಸಾ ರದ್ದಾಗುತ್ತದೆ. ಮಗುವಿಗೂ ಇದೇ ಲೆಕ್ಕ. ಗೋಲ್ಡನ್ ವೀಸಾದವರಿಗೆ ಈ ಕಟ್ಟಿಲ್ಲ. ಉಳಿದವರು ತಡವಾದದ್ದಕ್ಕೆ ಕಾರಣ, ದಾಖಲೆ ತೋರಿಸಿ ಮರುಪ್ರವೇಶದ ಅನುಮತಿ ಕೇಳಬಹುದು. ಆದರೆ ಕೇಳಿದ್ದೆಲ್ಲ ಸಿಕ್ಕೀತೆಂಬ ಭರವಸೆಯಿಲ್ಲ.

ಹನ್ನೆರಡನೇ ತರಗತಿ ಮುಗಿಸಿ ಮಂಗಳೂರಿಗೋ ಮಣಿಪಾಲಕ್ಕೋ ಓದಲು ಬರುವ ಹುಡುಗ ಹುಡುಗಿಯರು ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಸೆಮಿಸ್ಟರ್ ಮುಗಿದೊಡನೆ ಬಜ್ಪೆಯಿಂದ ವಿಮಾನ ಹತ್ತುವುದು ಅಮ್ಮನ ಕೈಯಡುಗೆಯ ಆಸೆಗಷ್ಟೇ ಅಲ್ಲ. ಆ ನೆಲಕ್ಕೆ ಒಮ್ಮೆ ಕಾಲಿಟ್ಟರೆ ದಿನದ ಎಣಿಕೆ ಮತ್ತೆ ಒಂದರಿಂದ ಶುರು.

ಗಂಡುಮಕ್ಕಳಿಗೆ ಒಂದು ಕಾಲದಲ್ಲಿ ಹದಿನೆಂಟು ತುಂಬುವುದೆಂದರೆ ಮನೆಯವರಿಗೆಲ್ಲ ಚಿಂತೆ. ಆಮೇಲೆ ತಂದೆಯ ಆಶ್ರಯದ ವೀಸಾ ಸಿಗುವುದು ಕಷ್ಟವಾಗಿತ್ತು. 2022ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮ ಅವಿವಾಹಿತ ಮಗನಿಗೆ ಆ ಮಿತಿಯನ್ನು 25ಕ್ಕೆ ಏರಿಸಿತು. ಅವಿವಾಹಿತ ಮಗಳಿಗೆ ವಯಸ್ಸಿನ ಮಿತಿಯಿಲ್ಲ. ಆದರೂ ಈ ವೀಸಾದ ಬೇರು ಇರುವುದು ಆಶ್ರಯ ಕೊಟ್ಟವರ ವೀಸಾದಲ್ಲಿ. ತಂದೆಯ ಕೆಲಸ ಹೋಗಿ ಅವರ ವೀಸಾ ರದ್ದಾದರೆ ಮಕ್ಕಳದ್ದೂ ಉಳಿಯದು.

ಆದ್ದರಿಂದ ಕಾಲೇಜಿಗೆ ಸೇರಿಸುವ ದಿನವೇ ತಂದೆ ತಾಯಿ ಮಕ್ಕಳೊಂದಿಗೆ ಕುಳಿತು ಎರಡು ತಾರೀಖುಗಳನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು: ವೀಸಾ ಮುಗಿಯುವ ದಿನ, ದೇಶ ಬಿಟ್ಟ ದಿನ. ಜೊತೆಗೆ ಇನ್ನೊಂದು ಮಾತನ್ನೂ ಬಚ್ಚಿಡದೆ ಹೇಳಬೇಕು. ಆಡಿ ಬೆಳೆದ ಬೀದಿ, ಓದಿದ ಶಾಲೆ, ದಾಟಿದ ಅಬ್ರಾ ನೆನಪಿನಲ್ಲಿ ಎಂದೆಂದಿಗೂ ಅವರವೇ. ಆ ಊರಿನ ಬಾಗಿಲು ಮಾತ್ರ ತಾರೀಖು ನೋಡಿ ತೆರೆಯುತ್ತದೆ.